ಪಾಕ ಸೀದ ವರ್ಷ

ಆ ರೊಟ್ಟಿಗೆ ಎಷ್ಟು ಖರ್ಚಾಯಿತು ಎಂಬುದನ್ನು ಅವ್ವ ತಾನು ಬದುಕಿರುವವರೆಗೂ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ರೊಟ್ಟಿ ಎಂದರೆ ನಾವು ದಿನಾ ತಿನ್ನುವ ರೊಟ್ಟಿಯಲ್ಲ, ದೊರೆಗಳ ಬಂಗಲೆಯಲ್ಲಿ ಸುಡುವ ಕೇಕು. ಅವ್ವನ ಬಾಯಲ್ಲಿ ಆ ಪದ ಕೂರುತ್ತಿರಲಿಲ್ಲ. 'ಸೀದ ಸಕ್ಕರೆ ರೊಟ್ಟಿ' ಎನ್ನುತ್ತಿದ್ದಳು. ಹೇಳಿದಂತೆಲ್ಲ ಅದರ ಬೆಲೆ ಏರುತ್ತಿತ್ತು. ನಾನು ಚಿಕ್ಕವಳಿದ್ದಾಗ ಅದಕ್ಕೆ ಒಂದು ಸೇರು ಬೆಣ್ಣೆ ಹೋಗಿತ್ತು, ನನ್ನ ಮದುವೆಯ ಹೊತ್ತಿಗೆ ಎರಡು ಸೇರಾಗಿತ್ತು, ನನ್ನ ಮಕ್ಕಳು ಕೇಳುವ ಕಾಲಕ್ಕೆ ಕೊಟ್ಟಿಗೆಯ ಎಮ್ಮೆಗಳೆಲ್ಲ ಆ ಒಂದು ರೊಟ್ಟಿಗೆಂದೇ ಹಾಲು ಕರೆದಿದ್ದವು. ಬೆಣ್ಣೆ ಆಯಿತು, ಗೋಧಿ ಆಯಿತು, ಸಕ್ಕರೆ ಆಯಿತು ಎಂದು ಬೆರಳು ಮಡಿಸುತ್ತಾ ಹೋಗಿ, ಸೌದೆಯನ್ನು ಲೆಕ್ಕಕ್ಕೇ ಹಿಡಿಯಬೇಡಿ ಎಂದು ಮುಗಿಸುವಳು.

ಈಗ ಬೇಕರಿಗಳಲ್ಲಿ ಕಂದು ಬಣ್ಣದ ಚೌಕ ತುಂಡುಗಳ ಮೇಲೆ ಸುಟ್ಟ ಸಕ್ಕರೆಯ ಪಾಕ ಹೊಯ್ದು ಕ್ಯಾರಮೆಲ್ ಬ್ರೌನಿ ಎಂದು ಮಾರುತ್ತಾರೆ. ಮೊಮ್ಮಕ್ಕಳು ಮನೆಯಲ್ಲೇ ಮಾಡುತ್ತೇವೆಂದು ಹೊರಟು, ಸಾಮಾನಿನ ಬೆಲೆ ಕೂಡಿಸಿ, ಅಂಗಡಿಯದೇ ಅಗ್ಗ ಎಂದು ತೀರ್ಮಾನಿಸುತ್ತಾರೆ. ಸಕ್ಕರೆ ಸೀಯುವ ವಾಸನೆ ಮೂಗಿಗೆ ಬಿದ್ದ ಮೇಲೆ ನಾನು ಆ ಕೋಣೆಯಲ್ಲಿ ಇರುವುದಿಲ್ಲ, ನಮ್ಮ ಹಳ್ಳಿಯಲ್ಲಿರುತ್ತೇನೆ.

ನಮ್ಮದು ಮಿರ್ಲೆಯ ಪಕ್ಕದ ಹಳ್ಳಿ. ನಾಲೆ ನೀರು ಕಂಡ ಊರಾದ್ದರಿಂದ ಭತ್ತ, ಕಬ್ಬು. ಚಳಿ ಶುರುವಾಗುತ್ತಿದ್ದಂತೆ ಗದ್ದೆ ಬಯಲಿನ ಅಂಚಿನಲ್ಲಿ ನಮ್ಮ ಆಲೆಮನೆ ಏಳುತ್ತಿತ್ತು. ತೆಂಗಿನ ಗರಿ ಹೊದಿಸಿದ ಚಪ್ಪರ, ಅದರ ಮುಂದೆ ಎತ್ತು ಕಟ್ಟಿ ತಿರುಗಿಸುವ ಕಬ್ಬಿಣದ ಗಾಣ, ಒಳಗೆ ನೆಲದಲ್ಲಿ ತೋಡಿದ ಒಲೆ, ಒಲೆಯ ಮೇಲೆ ನಾನು ಕಾಲು ಚಾಚಿ ಮಲಗಬಹುದಾದಷ್ಟು ಅಗಲದ ಕೊಪ್ಪರಿಗೆ. ಬೆಳಗ್ಗೆ ಎದ್ದು ಹೊರಗೆ ಬಂದರೆ ನಾಲೆಯ ಕಡೆಯಿಂದ ಮಂಜು ಬರುತ್ತಿತ್ತು, ಆಲೆಮನೆಯ ಕಡೆಯಿಂದ ಹಬೆ ಬರುತ್ತಿತ್ತು. ಎರಡೂ ನಮ್ಮ ಹಿತ್ತಲಲ್ಲಿ ಸೇರಿಕೊಂಡು ಊರನ್ನೇ ಮುಚ್ಚಿಬಿಡುತ್ತಿದ್ದವು. ಆ ಬಿಳುಪಿನಲ್ಲಿ ಎತ್ತಿನ ಕೊರಳ ಗಂಟೆ ಕೇಳಿಸುತ್ತಿತ್ತು, ಎತ್ತು ಕಾಣಿಸುತ್ತಿರಲಿಲ್ಲ. ನಾಲಿಗೆ ಚಾಚಿದರೆ ಗಾಳಿಯೇ ಸಿಹಿ ಎಂದು ನಾನು ನಂಬಿದ್ದೆ. ನನ್ನ ಬಾಲ್ಯ ನೆನಪಿಗೆ ಬರುವುದೂ ಹಾಗೆಯೇ, ಅರ್ಧ ಹಬೆಯಲ್ಲಿ. ಯಾವುದು ನಿಜವಾಗಿ ಕಂಡದ್ದು, ಯಾವುದು ಕನಸಿನಲ್ಲಿ ಕಂಡದ್ದು ಎಂದು ಆಣೆ ಮಾಡಿ ಹೇಳಲಾರೆ. ಈ ರೊಟ್ಟಿಯ ವಿಷಯ ಮಾತ್ರ ಕಣ್ಣಾರೆ ಕಂಡದ್ದು.

ಆಲೆಮನೆಯಲ್ಲಿ ಪಾಕದ ಹದ ನೋಡುವವನು ನಮ್ಮಪ್ಪ. ಗಾಣ ತಿರುಗಿಸುವವರು, ಒಲೆಗೆ ಕಬ್ಬಿನ ಸಿಪ್ಪೆ ತಳ್ಳುವವರು, ಅಚ್ಚಿಗೆ ಬೆಲ್ಲ ತುಂಬುವವರು ಯಾರಾದರೂ ಆಗಬಹುದು. ಕೊಪ್ಪರಿಗೆಯ ಸೌಟನ್ನು ಮಾತ್ರ ಅವನಲ್ಲದೆ ಬೇರೆಯವರು ಮುಟ್ಟುವಂತಿರಲಿಲ್ಲ. ಕಬ್ಬಿನ ಹಾಲು ಕುದ್ದು ಕುದ್ದು, ನೊರೆ ಹಳದಿಯಾಗಿ, ಗುಳ್ಳೆ ದೊಡ್ಡದಾಗಿ, ಗುಳ್ಳೆ ಒಡೆಯುವ ಸದ್ದು ಭಾರವಾಗುವ ಒಂದು ಗಳಿಗೆ ಬರುತ್ತದೆ. ಅದಕ್ಕೆ ಮುಂಚೆ ಇಳಿಸಿದರೆ ಬೆಲ್ಲ ಕಟ್ಟುವುದಿಲ್ಲ, ಆಮೇಲೆ ಇಳಿಸಿದರೆ ಕಪ್ಪಾಗಿ ಕಹಿಯಾಗುತ್ತದೆ. ಅಪ್ಪ ಆ ಗಳಿಗೆಯನ್ನು ಕಣ್ಣು ಅರ್ಧ ಮುಚ್ಚಿಕೊಂಡು ಕಾಯುತ್ತಿದ್ದ. ಆಗ ಯಾರೂ ಮಾತಾಡಬಾರದು, ಕೆಮ್ಮಲೂಬಾರದು. ಅವನು ಬಲಗೈ ಎತ್ತಿದ ತಕ್ಷಣ ಬೊಂಬು ತೂರಿಸಿ ಕೊಪ್ಪರಿಗೆ ಇಳಿಸುತ್ತಿದ್ದರು. ನಮ್ಮಪ್ಪನ ಬೆಲ್ಲ ಚಿನ್ನದ ಬಣ್ಣ. ರಾವಂದೂರಿನ ಸಂತೆಯಲ್ಲಿ ಕೂಡ ಅದನ್ನು ನೋಡಿದ ಕೂಡಲೇ ಇದು ಇಂಥ ಊರಿನ ಇಂಥವರ ಬೆಲ್ಲ ಎನ್ನುತ್ತಿದ್ದರಂತೆ. ಅಪ್ಪನಿಗೆ ಅದು ಬಿಟ್ಟು ಬೇರೆ ಜಂಬ ಇರಲಿಲ್ಲ, ಬೇರೆ ಮಾತೂ ಇರಲಿಲ್ಲ.

ಅವನ ಕೈಯಲ್ಲಿ ಪಾಕ ಸೀದದ್ದು ಒಂದೇ ಸಲ, ನಾನು ಹುಟ್ಟುವ ಮೊದಲು. ನಮ್ಮ ಮನೆಯಲ್ಲಿ ಅದನ್ನು ಕಾಲದ ಗುರುತಾಗಿ ಇಟ್ಟುಕೊಂಡಿದ್ದರು. ಪಾಕ ಸೀದ ವರ್ಷ ಕೆಂಪು ಹಸು ಕೊಂಡದ್ದು, ಪಾಕ ಸೀದ ವರ್ಷದ ಮಾರನೇ ವರ್ಷ ಚಿಕ್ಕಪ್ಪನಿಗೆ ಮದುವೆಯಾದದ್ದು, ಹೀಗೆ. ಕೊಪ್ಪರಿಗೆ ತುಂಬ ಪಾಕ ತಳ ಹಿಡಿದು ಕರಿಯಾಗಿ ಊರೆಲ್ಲ ಕಮಟು ವಾಸನೆ ತುಂಬಿತ್ತು ಎಂದು ಅಜ್ಜಿ ಹೇಳುವಳು. ಯಾಕೆ ಸೀದಿತು ಎಂದು ನಾನು ಕೇಳಿದರೆ ಅಜ್ಜಿ ಕವಡೆಯ ಆಟ ಶುರು ಮಾಡುವಳು.

ನನಗೆ ಹತ್ತು ವರ್ಷವಿದ್ದಾಗ, ಯುದ್ಧದ ಕಾಲದಲ್ಲಿ, ಅಕ್ಕ ಬಾಣಂತನಕ್ಕೆಂದು ಬಂದಳು. ಅವಳನ್ನು ಹುಣಸೂರಿಗೆ ಕೊಟ್ಟಿತ್ತು. ಭಾವ ಅಲ್ಲಿ ಕಾಫಿ ಬೀಜ ಹಸನು ಮಾಡುವ ಒಂದು ಕಾರ್ಖಾನೆಯಲ್ಲಿ ಗುಮಾಸ್ತರು. ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು ದಾರಿಯಲ್ಲಿ ಎಲ್ಲೆಲ್ಲೋ ನಿಂತು ಮಿರ್ಲೆ ತಲುಪಿ, ಅಲ್ಲಿಂದ ಗಾಡಿ ಹತ್ತಿ ಅವಳು ನಮ್ಮ ಅಂಗಳದಲ್ಲಿ ಇಳಿದಾಗ ನನಗೆ ಗುರುತೇ ಸಿಗಲಿಲ್ಲ. ಹೊಟ್ಟೆ ಮಾತ್ರ ಮುಂದೆ ಬಂದಿತ್ತು, ಮಿಕ್ಕವಳೆಲ್ಲ ಒಣಗಿದ್ದಳು. ಅದಕ್ಕೆ ಮೊದಲು ಅವಳಿಗೆ ಎರಡು ಸಲ ಬಸಿರು ನಿಲ್ಲದೆ ಹೋಗಿತ್ತು. ಈ ಸಲ ಏಳು ತಿಂಗಳು ದಾಟಿತ್ತು, ಆದರೆ ಅವಳ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಗಂಜಿ ಕುಡಿದರೆ ಗಂಜಿ ವಾಪಸು, ಎಳನೀರು ಕುಡಿದರೆ ಎಳನೀರು ವಾಪಸು. ಊರಿನ ಸೂಲಗಿತ್ತಿ ಬಂದು ಹೊಟ್ಟೆ ಮುಟ್ಟಿ ನೋಡಿ, ತಾಯಿ ಹೀಗೇ ಉಪವಾಸ ಬಿದ್ದರೆ ಇದೂ ಕೈಗೆ ಸಿಗುವುದಿಲ್ಲ ಎಂದು ಅವ್ವನ ಕಿವಿಯಲ್ಲಿ ಹೇಳಿಹೋದಳು. ಅವ್ವನ ಸೊಂಟ ಹಿಡಿದು ನಿಂತಿದ್ದ ನನ್ನ ಕಿವಿಗೂ ಅದು ಬಿತ್ತು.

ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ನಮ್ಮ ಕಡೆ ನಂಬಿಕೆ. ಹಾಗಾಗಿ ಮನೆಯವರೆಲ್ಲ ಅಕ್ಕನ ಬಯಕೆ ಕೇಳಲು ಸಾಲುಗಟ್ಟಿ ನಿಂತರು. ಹುಣಸೆಹಣ್ಣು ಬೇಕಾ ಎಂದರೆ ಬೇಡ. ಹಲಸಿನ ಹಪ್ಪಳ ಬೇಡ. ಮಡಕೆಯ ಚೂರು, ಕೆಮ್ಮಣ್ಣು, ಕದ್ದುಮುಚ್ಚಿ ತಿನ್ನುವ ಯಾವುದಾದರೂ ಸರಿ ಎಂದು ಅಜ್ಜಿ ಉದಾರಿಯಾದಳು. ಅದೂ ಬೇಡ. ಕೊನೆಗೆ ಅಕ್ಕ ನಾಚಿಕೊಂಡು ಹೇಳಿದ್ದು ಬಂಗಲೆಯ ಸುಟ್ಟ ಸಕ್ಕರೆಯ ಕೇಕು.

ಅವಳ ಮನೆ ಇದ್ದದ್ದು ಕಾರ್ಖಾನೆಯ ದೊರೆಯ ಬಂಗಲೆಯ ಹಿಂದಿನ ಸಾಲಿನಲ್ಲಿ. ಬಂಗಲೆಯ ಬಟ್ಲರನ ಹೆಂಡತಿ ಮಲಯಾಳದ ಕಡೆಯವಳು, ಬೇಲಿಯ ಆಚೆಯಿಂದ ಅಕ್ಕನ ಜೊತೆ ಹರಟೆ ಹೊಡೆಯುತ್ತಿದ್ದಳು. ಸಕ್ಕರೆಯನ್ನು ನೀರಿಲ್ಲದೆ ಬಾಣಲೆಯಲ್ಲಿ ಕರಗಿಸಿ, ತಾಮ್ರದ ಬಣ್ಣಕ್ಕೆ ಬರುವವರೆಗೆ ಸುಟ್ಟು, ಬೆಣ್ಣೆ, ಹಾಲು ಹೊಯ್ದು, ಗೋಧಿ ಹಿಟ್ಟಿಗೆ ಕಲಸಿ, ಮೇಲೂ ಕೆಳಗೂ ಕೆಂಡ ಇಟ್ಟು ಬೇಯಿಸುವ ಕ್ರಮವನ್ನೆಲ್ಲ ಅವಳೇ ಹೇಳಿದ್ದಂತೆ. ಅದು ಎಷ್ಟು ಸಿಹಿ, ಎಷ್ಟು ಮೆತ್ತಗೆ ಎಂದು ಅವ್ವ ಕೇಳಿದಾಗ ಅಕ್ಕ ತಲೆ ತಗ್ಗಿಸಿದಳು. ಅದಕ್ಕೆ ಮೊಟ್ಟೆ ಹಾಕುತ್ತಾರೆ, ಕೊರಳಲ್ಲಿ ಲಿಂಗ ಇರುವವಳು ತಿನ್ನುವುದು ಹೇಗೆ, ನಾನು ತಿಂದಿಲ್ಲ, ಬೇಲಿಯ ಈಚೆ ನಿಂತು ವಾಸನೆ ನೋಡಿದ್ದೇನೆ ಅಷ್ಟೆ ಎಂದಳು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ತಿಂದು ಗೊತ್ತಿಲ್ಲದ್ದಕ್ಕೆ ಬಯಕೆಪಟ್ಟವಳನ್ನು ಅವಳು ಹಿಂದೆ ಕಂಡಿರಲಿಲ್ಲ.

ಅಲ್ಲಿಂದ ಖರ್ಚು ಶುರುವಾಯಿತು. ಭಾವನಿಗೆ ಹೇಳಿ ಕಳಿಸಿದರು. ಸಕ್ಕರೆ ರೇಷನ್ ಕಾರ್ಡಿನ ಮೇಲೆ ಸಿಗುತ್ತಿದ್ದ ಕಾಲ, ಹಳ್ಳಿಯಲ್ಲಂತೂ ಕಣ್ಣಿಗೇ ಬೀಳುತ್ತಿರಲಿಲ್ಲ. ಭಾವ ತಮ್ಮ ಪಾಲಿನ ಸಕ್ಕರೆಯನ್ನೆಲ್ಲ ಒಂದು ಬಟ್ಟೆಯ ಚೀಲದಲ್ಲಿ ಕೂಡಿಟ್ಟು, ತಾವು ಬೆಲ್ಲದ ಕಾಫಿ ಕುಡಿದುಕೊಂಡು, ಅದನ್ನು ಅಂಗಿಯೊಳಗೆ ಬಚ್ಚಿಟ್ಟು ತಂದರು. ರಾಗಿ, ಅಕ್ಕಿಯ ನಾಡಿನಲ್ಲಿ ಗೋಧಿ ಯಾರ ಮನೆಯಲ್ಲಿರುತ್ತದೆ? ಅವ್ವ ಕೃಷ್ಣರಾಜನಗರದ ಸಂತೆಗೆ ಹೋಗುವವರ ಕೈಯಲ್ಲಿ ತರಿಸಿ, ಬೀಸಿ, ಅಪ್ಪನ ಹಳೆಯ ಪಂಚೆಯಲ್ಲಿ ಸೋಸಿದಳು. ತುಪ್ಪ ಕಾಯಿಸಿ ಮಾರಬೇಕಿದ್ದ ಬೆಣ್ಣೆಯನ್ನು ನೀರಿನಲ್ಲಿ ಮುಳುಗಿಸಿ ಕಾದಿಟ್ಟಳು. ಕೂಲಿಗೆ ಬರುತ್ತಿದ್ದ ಹೆಂಗಸೊಬ್ಬಳು ಮೊಟ್ಟೆ ಕೊಡುತ್ತೇನೆ, ಯಾರಿಗೂ ಹೇಳುವುದಿಲ್ಲ ಎಂದು ಅಕ್ಕರೆಯಿಂದಲೇ ಹೇಳಿದಳು. ಮೊಟ್ಟೆ ಹಾಕದಿದ್ದರೆ ರೊಟ್ಟಿ ಉಬ್ಬುವುದಿಲ್ಲ ಎಂಬುದು ಅವ್ವನ ಚಿಂತೆ.

"ಉಬ್ಬೋದು ಬ್ಯಾಡ ಬುಡು," ಎಂದಳು ಅಜ್ಜಿ. "ಬಾಳೆಹಣ್ಣ ಕಿವುಚಿ ಆಕು. ಅಂಟು ಬಂದ್ರೆ ಸಾಕು ಕಣೆ, ನಾವೇನು ದೊರೆ ಮನೆಯೋರಾ ಉಬ್ಬಾಕೆ?"

ಅಷ್ಟು ಸಲೀಸಾಗಿ ಮೊಟ್ಟೆಯನ್ನು ಬಗೆಹರಿಸಿದ ಅಜ್ಜಿ ಸಕ್ಕರೆಯ ಹತ್ತಿರ ಬಂದು ನಿಂತುಬಿಟ್ಟಳು. ಮನೆಯ ಒಲೆಯ ಮೇಲೆ ಹಾಲು ಸೀದರೇ ಅವಳಿಗೆ ಅಪಶಕುನ. ಬಸುರಿ ಇರುವ ಮನೆಯಲ್ಲಿ ಬೇಕೆಂದೇ ಸಿಹಿಯನ್ನು ಸುಡುವುದೆಂದರೇನು? ಸುಡುವುದಿದ್ದರೆ ಆಲೆಮನೆಗೆ ಹೋಗಿ ಸುಡಿ, ಅದು ಮನೆಯಲ್ಲ ಎಂದಳು. ಕೆಂಡವೂ ಅಲ್ಲಿ ಧಾರಾಳ. ಹಾಗೆ ಆಲೆಮನೆಗೆ ಹೋದರೆ ಸೌಟು ಹಿಡಿಯುವವನು ಅಪ್ಪ. ಅಪ್ಪ ಬೆಲ್ಲವನ್ನಂತೂ ಸುಡಲಾರೆ ಎಂದು ಖಂಡಿತವಾಗಿ ಹೇಳಿದ. ಇದು ಕಾರ್ಖಾನೆಯ ಸಕ್ಕರೆ, ನಿಮ್ಮ ಕೈಯದಲ್ಲವಲ್ಲ ಎಂದು ಅವ್ವ ಒಂದು ದಿನವಿಡೀ ಹಿಂದೆ ಬಿದ್ದ ಮೇಲೆ ಹೂಂ ಎಂದ.

ನನಗೆ ಇದೆಲ್ಲ ಹಬ್ಬ. ಅಕ್ಕ ಮಾತ್ರ ಬೇರೆಯೇ ಆಗಿಬಿಟ್ಟಳು. ಮಧ್ಯಾಹ್ನ ನಡುಮನೆಯ ಚಾಪೆಯ ಮೇಲೆ ನನ್ನ ತಲೆ ನೇವರಿಸುತ್ತಾ ಮಲಗಿದ್ದವಳು, ಆಲೆಮನೆಗೆ ಹೋಗಬೇಕಾ ಎಂದು ಎರಡೆರಡು ಸಲ ಕೇಳಿದಳು. ಮನೆ ಮಗಳಾಗಿ ಅವಳು ಆಲೆಮನೆಗೆ ಕಾಲಿಟ್ಟದ್ದನ್ನು ನಾನು ನೋಡಿಯೇ ಇರಲಿಲ್ಲ, ಯಾಕೆಂದು ಯೋಚಿಸಿಯೂ ಇರಲಿಲ್ಲ. ಅವಳ ಬಲಗೈಯ ಕಿರುಬೆರಳು ಅರ್ಧ ಇಲ್ಲವೆಂದು ನನಗೆ ಗೊತ್ತಿತ್ತು, ಆದರೆ ಹುಟ್ಟಿದಾಗಿನಿಂದ ಕಂಡದ್ದನ್ನು ಯಾರು ಕೇಳುತ್ತಾರೆ? ಆ ಮಧ್ಯಾಹ್ನ ಅವಳೇ ಹೇಳಿದಳು. ಐದಾರು ವರ್ಷದವಳಿದ್ದಾಗ ಗಾಣಕ್ಕೆ ಕಬ್ಬು ಕೊಡಲು ಹೋಗಿ ಬೆರಳು ಸಿಕ್ಕಿಕೊಂಡದ್ದು. ಅಪ್ಪ ಪಾಕದ ಹತ್ತಿರದಿಂದ ಎದ್ದು ಬಂದು ಅವಳನ್ನು ಎತ್ತಿಕೊಂಡು ಪೇಟೆಯ ಆಸ್ಪತ್ರೆಗೆ ಓಡಿದ್ದು. ಹಿಂದೆ ಪಾಕ ಪೂರ್ತಿ ಸೀದದ್ದು.

"ಅವತ್ತಿಂದ ಅಪ್ಪ ನನ್ನ ಆಲೆಮನೆಗೆ ಸೇರುಸ್ನಿಲ್ಲ ಕಣೆ," ಎಂದಳು. "ಮೊಕ ಕೊಟ್ಟು ಮಾತಾಡ್ನಿಲ್ಲ. ಮನೇಲಿ ಎಲ್ಲರೂ ಪಾಕ ಸೀದ ವರ್ಸ ಅಂತಾರೆ, ನನ್ನ ಬೆರಳು ಓದ ವರ್ಸ ಅಂತ ಒಬ್ರೂ ಅನ್ನಲ್ಲ."

ನಾನು ಅವಳ ಅರ್ಧ ಬೆರಳನ್ನು ಹಿಡಿದುಕೊಂಡು ಮಲಗಿದೆ. ಹಂಚಿನ ಸಂದಿಯಿಂದ ಬಿಸಿಲಿನ ಕೋಲು ಇಳಿದು ಅದರಲ್ಲಿ ದೂಳು ನಿಧಾನವಾಗಿ ಏಳುತ್ತಿತ್ತು. ಬಂಗಲೆಯ ಬೇಲಿಯಾಚೆಯಿಂದ ಸಕ್ಕರೆ ಸೀಯುವ ವಾಸನೆ ಬಂದಾಗಲೆಲ್ಲ, ಎಂದಳು ಅಕ್ಕ, ನನಗೆ ಅಪ್ಪನ ಹೆಗಲು ನೆನಪಾಗುತ್ತಿತ್ತು, ಅವನ ಬೆವರು, ಅವನ ಏದುಸಿರು, ಯಾಕೋ ಹೊಟ್ಟೆ ಹಸಿಯುತ್ತಿತ್ತು. ಹೇಳುತ್ತಾ ಹೇಳುತ್ತಾ ನಿದ್ದೆ ಹೋದಳು. ಆ ವಯಸ್ಸಿಗೇ ನನಗೆ ಅಪ್ಪನ ಮೇಲೆ ಸಿಟ್ಟು ಬಂತು, ಒಂದು ಕೊಪ್ಪರಿಗೆ ಬೆಲ್ಲಕ್ಕೆ ಇಷ್ಟೊಂದಾ ಎಂದು.

ರೊಟ್ಟಿ ಸುಟ್ಟ ದಿನ ಅವ್ವ ಎಲ್ಲವನ್ನೂ ಮಂಕರಿಯಲ್ಲಿ ತುಂಬಿಕೊಂಡು ಹೊರಟಳು. ಅಜ್ಜಿ ಮನೆಯಲ್ಲೇ ಉಳಿದಳು. ನಾನು ಕಲಾಯಿ ಹಾಕಿಸಿದ ಹಿತ್ತಾಳೆ ಡಬರಿಯನ್ನು ತಲೆಯ ಮೇಲೆ ಟೋಪಿಯಂತೆ ಹಾಕಿಕೊಂಡು ಮುಂದೆ ನಡೆದೆ. ಅಕ್ಕ ಹಿಂದೆ, ಗದ್ದೆಯ ಬದುವಿನ ಮೇಲೆ ಒಂದೊಂದೇ ಹೆಜ್ಜೆ. ನಾವು ಹೋದದ್ದು ಆಳುಗಳು ಎತ್ತು ಬಿಚ್ಚಿ, ನೀರು ಕುಡಿಸಿ, ಊಟಕ್ಕೆ ಹೋಗುವ ಹೊತ್ತಿಗೆ. ಕೊಪ್ಪರಿಗೆಯಲ್ಲಿ ನೊರೆ ತೆಗೆದ ಕಬ್ಬಿನ ಹಾಲು ಸಣ್ಣಗೆ ಕುದಿಯುತ್ತಿತ್ತು. ನಮ್ಮದೇ ಗದ್ದೆಯ ಕಬ್ಬು. ಪಾಕಕ್ಕೆ ಬರಲು ಇನ್ನೂ ಸ್ವಲ್ಪ ಹೊತ್ತಿದೆ, ಅಷ್ಟರಲ್ಲಿ ನಿಮ್ಮ ಸಕ್ಕರೆ ಮುಗಿಸಿಬಿಡೋಣ ಎಂದ ಅಪ್ಪ.

ಅಕ್ಕ ಚಪ್ಪರದ ಕಂಬದ ಹತ್ತಿರ ನಿಂತಳು, ಒಳಗೆ ಬರಲಿಲ್ಲ. ಹೊರಗೆ ಗಾಣ ಸುಮ್ಮನೆ ನಿಂತಿತ್ತು. ಅಪ್ಪ ಅದನ್ನೊಮ್ಮೆ ನೋಡಿದ, ಅವಳನ್ನು ನೋಡಿದ, ಒಂದು ಗೋಣಿಚೀಲ ಕೊಡವಿ ಗಾಣಕ್ಕೆ ಬೆನ್ನಾಗುವಂತೆ ಒಳಗಡೆ ಹಾಸಿದ. ಅಕ್ಕ ಬಂದು ಕೂತಳು. ಹಬೆ ಅವಳ ಸುತ್ತ ಏಳುತ್ತಿತ್ತು, ಒಮ್ಮೆ ಕಾಣುವಳು, ಒಮ್ಮೆ ಇಲ್ಲ.

ಮೂರು ಕಲ್ಲಿನ ಒಲೆಯ ಮೇಲೆ ಬಾಣಲೆ ಇಟ್ಟು ಸಕ್ಕರೆ ಸುರಿದರು. ಅಂಚಿನಲ್ಲಿ ಕರಗಿತು, ನಡುವೆ ಕರಗಿತು, ಜೇನಿನ ಬಣ್ಣಕ್ಕೆ ಬಂತು. ಬಂದದ್ದೇ ತಡ, ಅಪ್ಪನ ಕೈ ತಾನೇ ಹೋಗಿ ಬಾಣಲೆಯನ್ನು ಕೆಳಗೆ ಇಳಿಸಿತು. ಅವ್ವ ಇನ್ನೂ ಸುಡಬೇಕು ಎಂದು ರೇಗಿದಳು. ಅಪ್ಪ ಮತ್ತೆ ಒಲೆಗೆ ಇಟ್ಟ, ಒಂದು ಗುಳ್ಳೆ ಬಣ್ಣ ಬದಲಿಸಿತು, ಮತ್ತೆ ಇಳಿಸಿದ. ಹೀಗೇ ನಾಲ್ಕೈದು ಸಲ ಆಗಿರಬೇಕು. ಹದ ಮೀರುವ ಮುಂಚೆ ಎತ್ತಿ ಎತ್ತಿ ಬೆಳೆದ ಕೈಗೆ ಹದ ಮೀರಲು ಬಿಡುವುದು ಗೊತ್ತೇ ಇರಲಿಲ್ಲ. ನನ್ನ ಕೈ ಕೇಳುತ್ತಿಲ್ಲ ಎಂದು ಅಪ್ಪ ನಾಚಿಕೆಯಿಂದ ಹೇಳಿದ. ಅವ್ವ ಬಾಣಲೆ ಕಿತ್ತುಕೊಳ್ಳಲು ಹೋದರೆ ಅದನ್ನೂ ಬಿಡಲಿಲ್ಲ.

ಆಗ ಹಬೆಯೊಳಗಿಂದ ಅಕ್ಕನ ಧ್ವನಿ ಬಂತು.

"ಅವತ್ತು ಬುಟ್ಟಂಗೆ ಬುಟ್ಬುಡಪ್ಪ."

ಅವ್ವನ ಕೈ ಹಾಗೇ ನಿಂತಿತು. ಅವತ್ತು ಎಂದರೆ ಯಾವತ್ತು ಎಂದು ಅಲ್ಲಿ ಕೇಳಬೇಕಾದವರು ಯಾರೂ ಇರಲಿಲ್ಲ. ಅಕ್ಕ ತಲೆ ತಗ್ಗಿಸಿ, ಬೆರಳಿಲ್ಲದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ನನ್ನಿಂದ ನಿನ್ನ ಪಾಕ ಹಾಳಾಯಿತು, ಅದನ್ನು ನೀನು ಮರೆತಿಲ್ಲ ಎಂದು ನನಗೆ ಗೊತ್ತು ಎಂಬ ಅರ್ಥದ ಮಾತನ್ನು ತುಂಡು ತುಂಡಾಗಿ ಹೇಳಿದಳು. ಅಳು ತಡೆದುಕೊಂಡು ಹೇಳುವಾಗ ಅವಳು ನನಗಿಂತ ಚಿಕ್ಕವಳಾಗಿ ಕಂಡಳು.

ಅಪ್ಪ ಬಾಣಲೆಯನ್ನು ಕೆಂಡವಷ್ಟೇ ಉಳಿದಿದ್ದ ಮೂರು ಕಲ್ಲಿನ ಒಲೆಯ ಮೇಲೆ ಇಟ್ಟ. ಸೌಟು ಕೆಳಗಿಟ್ಟ. ಎದ್ದು ಹೋಗಿ ಅವಳ ಎದುರಿಗೆ ಕುಕ್ಕರಗಾಲಿನಲ್ಲಿ ಕೂತ.

"ನಾನು ಬುಡ್ನಿಲ್ಲ ಕಣವ್ವ," ಎಂದ. "ಬುಡಾಕೆ ಗ್ಯಾನ ಇರ್ಬೇಕಲ್ಲ. ಪಾಕ ಅನ್ನೋದೊಂದು ಐತೆ ಅನ್ನೋದೇ ನಂಗೆ ಗೊತ್ತಿರ್ನಿಲ್ಲ. ನಿನ್ನ ಆಸ್ಪತ್ರೇಲಿ ಮನಗ್ಸಿ ಊರಿಗೆ ಬಂದ್ನಲ್ಲ, ಜನ ಎಲ್ಲ ಪಾಕ ಸೀದೋಯ್ತು ಪಾಕ ಸೀದೋಯ್ತು ಅಂದ್ರು. ಯಾರ್ದು ಅಂತ ಕೇಳ್ದೆ ನಾನು."

ಅಕ್ಕ ತಲೆ ಎತ್ತಿದಳು.

ಅಪ್ಪ ಒಮ್ಮೆಗೇ ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಇನ್ನೂ ಹೇಳಿದ. ನೀನು ಆಲೆಮನೆಯ ಕಡೆ ಬರುತ್ತಿದ್ದರೆ ಗಾಣ ಮತ್ತೆ ನಿನ್ನನ್ನು ಹಿಡಿಯುತ್ತದೆ ಎನಿಸುತ್ತಿತ್ತು, ಅದಕ್ಕೇ ಗದರಿ ಓಡಿಸುತ್ತಿದ್ದೆ ಎಂದ. ಮಗುವಿನ ಕೈ ಕಾಪಾಡಲಾರದವನು ಅದರ ಮುಖ ಹೇಗೆ ನೋಡಲಿ ಎಂದ. ಅವಳ ಸೆರಗಿನೊಳಗಿಂದ ಕೈ ಬಿಡಿಸಿಕೊಂಡು ಆ ಅರ್ಧ ಬೆರಳನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡ. ನನಗೆ ಸಿಟ್ಟೆಲ್ಲ ಎಲ್ಲಿ ಹೋಯಿತೋ, ಜೋರಾಗಿ ಅಳು ಬಂತು. ಅವ್ವನೂ ಅಳುತ್ತಿದ್ದಳು. ಹಬೆಯಲ್ಲಿ ನಾಲ್ಕು ಜನ ಎಷ್ಟು ಹೊತ್ತು ಹಾಗೆ ಇದ್ದೆವೋ, ಆ ಹೊತ್ತಿಗೆ ಆದಿ ಅಂತ್ಯ ಇದ್ದಂತೆ ನನಗೆ ಈಗಲೂ ಅನಿಸುವುದಿಲ್ಲ.

ಮೊದಲು ಮೂಗೆತ್ತಿದವಳು ಅಕ್ಕ. "ಅವ್ವ, ಇದೇ ಬಣ್ಣ," ಎಂದಳು. ಬಾಣಲೆಯಲ್ಲಿ ಸಕ್ಕರೆ ತೊಳೆದ ತಾಮ್ರದ ಚೊಂಬಿನ ಬಣ್ಣಕ್ಕೆ ಬಂದು ಸಣ್ಣಗೆ ಹೊಗೆಯಾಡುತ್ತಿತ್ತು. ಅವ್ವ ಓಡಿ ಹೋಗಿ ಬೆಣ್ಣೆ ಹಾಕಿದಳು, ಹಾಲು ಹೊಯ್ದಳು, ಅದು ಭುಸ್ಸೆಂದು ಉಕ್ಕಿ ಮತ್ತೆ ತಗ್ಗಿತು. ಬಂಗಲೆಯ ಬೇಲಿಯ ವಾಸನೆ ಇದೇ ಎಂದು ಅಕ್ಕ ಕಣ್ಣು ಮುಚ್ಚಿಕೊಂಡಳು. ಆಮೇಲೆ ನಮಗೆಲ್ಲ ಗೊತ್ತಾಯಿತು, ಇಷ್ಟು ಚಿಕ್ಕ ಬಾಣಲೆಯಿಂದ ಇಷ್ಟು ದೊಡ್ಡ ವಾಸನೆ ಬರುವುದಿಲ್ಲ ಎಂದು.

ಕೊಪ್ಪರಿಗೆಯಲ್ಲಿ ಗುಳ್ಳೆ ಏಳುವುದು ನಿಂತಿತ್ತು. ನಡುವಿನಲ್ಲಿ ಕಪ್ಪು ಹೊಗೆ ಎದ್ದು ಚಪ್ಪರದ ಗರಿಗಳ ನಡುವೆ ದಾರಿ ಹುಡುಕುತ್ತಿತ್ತು. ಅಪ್ಪ ನೆಗೆದು ಹೋಗಿ ಒಲೆಯ ಬಾಯಿಂದ ಸಿಪ್ಪೆ ಎಳೆದು ಹಾಕಿದ, ನೀರು ಎರಚಿದ, ಸೌಟು ಆಡಿಸಿದ. ಸೌಟಿಗೆ ಅಂಟಿ ಬಂದದ್ದು ದನಕ್ಕೂ ಬೇಡವಾದ ಕರಿಯ ಮುದ್ದೆ. ಅವ್ವ ಹಣೆ ಚಚ್ಚಿಕೊಂಡಳು. ನಾನು ಅಪ್ಪ ಈಗ ಏನು ಮಾಡುತ್ತಾನೋ ಎಂದು ಅಕ್ಕನ ಹಿಂದೆ ಅಡಗಿದೆ. ಅಪ್ಪ ಆ ಸೌಟನ್ನೇ ನೋಡುತ್ತಾ ನಿಂತಿದ್ದ. ಅವನ ಭುಜ ಕುಲುಕತೊಡಗಿತು. ಅಳುತ್ತಿದ್ದಾನೆ ಎಂದುಕೊಂಡೆ. ತಿರುಗಿದಾಗ ನೋಡಿದರೆ ನಗು. ಎರಡನೇ ಸಲ ಕಣೆ ಎಂದು ಅವ್ವನಿಗೆ ಹೇಳಿ ಇನ್ನೂ ನಕ್ಕ.

ಒಲೆಯಲ್ಲಿ ಉಳಿದ ಕೆಂಡ ಹಾಳಾಗಬಾರದೆಂದು ಅದರಲ್ಲೇ ರೊಟ್ಟಿ ಬೇಯಿಸಿದೆವು. ಅವ್ವ ಹಿಟ್ಟು, ಬಾಳೆಹಣ್ಣು, ಚಿಟಿಕೆ ಸೋಡ, ಆ ತಾಮ್ರದ ಪಾಕ ಎಲ್ಲ ಕಲಸಿ ಡಬರಿಗೆ ಹೊಯ್ದು, ಮರಳಿನ ಮೇಲೆ ಇಟ್ಟು, ಮುಚ್ಚಳದ ಮೇಲೆ ಕೆಂಡ ಹರಡಿದಳು. ಬಿಸಿಲು ಇಳಿಯುವ ಹೊತ್ತಿಗೆ ಮುಚ್ಚಳ ತೆಗೆದರೆ ಅಜ್ಜಿಯ ಮಾತಿನಂತೆ ಅದು ಒಂದಿಷ್ಟೂ ಉಬ್ಬಿರಲಿಲ್ಲ. ನಡುವೆ ತಗ್ಗಿ, ಅಂಚು ಗರಿಯಾಗಿ, ಒಳಗೆ ಅಂಟಂಟಾಗಿ, ಕರಿಯ ನೆಲದ ಹಾಗೆ ಕೂತಿತ್ತು. ಮಿಕ್ಕ ಪಾಕವನ್ನು ಅವ್ವ ಮೇಲೆ ಸುರಿದಳು. ಕುಡುಗೋಲಿನ ತುದಿಯಿಂದ ಕತ್ತರಿಸಿ ಮೊದಲ ತುಂಡನ್ನು ಅಕ್ಕನಿಗೆ ಕೊಟ್ಟಳು.

ಅಕ್ಕ ತಿಂದಳು. ನಾವು ಮೂವರೂ ಅವಳ ಗಂಟಲನ್ನು ನೋಡುತ್ತಾ ಕೂತೆವು, ಈಗ ವಾಪಸು ಬರುತ್ತದೆ, ಈಗ ಬರುತ್ತದೆ ಎಂದು. ನನಗೆ ಸೂಲಗಿತ್ತಿಯ ಮಾತೇ ಕಿವಿಯಲ್ಲಿತ್ತು. ಅಕ್ಕ ಕಂಬಕ್ಕೆ ಒರಗಿ ಕಣ್ಣು ಮುಚ್ಚಿ ನಿಧಾನವಾಗಿ ಉಸಿರಾಡುತ್ತಿದ್ದಳು.

ಅಷ್ಟರಲ್ಲಿ ಊರಿನ ಕಡೆಯಿಂದ ಒಬ್ಬೊಬ್ಬರಾಗಿ ಜನ ಬರತೊಡಗಿದರು. ವಾಸನೆ ಊರು ಮುಟ್ಟಿತ್ತು. ಮಾರನೇ ದಿನ ತನ್ನ ಕಬ್ಬು ತರಬೇಕಿದ್ದ ಪಕ್ಕದ ಹೊಲದವನು ಎಲ್ಲರಿಗಿಂತ ಮುಂದೆ ಬಂದು, ಚಪ್ಪರದ ಹೊರಗೇ ನಿಂತು ಕುತ್ತಿಗೆ ಚಾಚಿದ. ಅವನ ಮುಖದಲ್ಲಿ ಮರುಕವೂ ಇತ್ತು, ಸ್ವಲ್ಪ ಖುಷಿಯೂ ಇತ್ತು.

"ಏನ್ ಯಜಮಾನ್ರೇ, ನಿಮ್ ಕೈಲೂ ಪಾಕ ಸೀದೋಯ್ತಾ?"

ಅವ್ವ ತಲೆ ತಗ್ಗಿಸಿದಳು. ಕಾರ್ಡಿನ ಸಕ್ಕರೆ ಬಚ್ಚಿಟ್ಟು ತಂದ ವಿಷಯ ಹೇಳುವಂತಿಲ್ಲ, ಪಾಕದ ಹದವೋ ಅಪ್ಪನಿಗಿದ್ದ ಒಂದೇ ಜಂಬ. ಅಪ್ಪ ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡು ಹೊರಗೆ ಬಂದ.

"ಊಂ ಕಣಪ್ಪ, ಸೀದೋಯ್ತು," ಎಂದ. "ಮಗಳು ಬಂದವ್ಳೆ. ಮಾತಾಡ್ತಾ ಕೂತ್ಬುಟ್ಟೆ."

ಒಳಗೆ ಅಕ್ಕ ಕಣ್ಣು ಬಿಟ್ಟಳು. ನನ್ನ ಕಡೆ ಕೈ ಚಾಚಿ, ಇನ್ನೊಂದು ತುಂಡು ಕೊಡು ಎಂದಳು.

ಅದು ಅವಳ ಹೊಟ್ಟೆಯಲ್ಲಿ ನಿಂತಿತು. ಆ ರಾತ್ರಿ ಒಂದು ಬಟ್ಟಲು ಅನ್ನ ಸಾರು ನಿಂತಿತು, ಮಾರನೇ ದಿನ ಮುದ್ದೆ ನಿಂತಿತು. ಕಬ್ಬಿನ ಕೆಲಸ ಮುಗಿದು ಆಲೆಮನೆಯ ಚಪ್ಪರ ಬಿಚ್ಚುವ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ಅಜ್ಜಿ ಮೊದಲು ಅದರ ಎರಡೂ ಕಿವಿ ತಿರುಗಿಸಿ ನೋಡಿ, ಒಣಗಿವೆ ಎಂದು ಸಾರಿದಳು. ಅಪ್ಪ ಬಾಗಿಲಲ್ಲಿ ನಿಂತು ಮಗುವಿನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದ.

ಅವ್ವ ರೊಟ್ಟಿಯ ಖರ್ಚು ಹೇಳುವಾಗ ಬೆಣ್ಣೆ, ಗೋಧಿ, ಸಕ್ಕರೆಯನ್ನೆಲ್ಲ ಎಷ್ಟು ಬೆಳೆಸಿದರೂ ಆ ಕೊಪ್ಪರಿಗೆಯನ್ನು ಮಾತ್ರ ಯಾವತ್ತೂ ಸೇರಿಸುತ್ತಿರಲಿಲ್ಲ. ಮುಂದೆ ಆ ಹುಡುಗಿಯನ್ನು ಹೆಣ್ಣು ನೋಡಲು ಬಂದವರು ವಯಸ್ಸೆಷ್ಟು ಎಂದು ಕೇಳಿದರು. ಅಕ್ಕ ಒಂದು ಗಳಿಗೆಯೂ ಯೋಚಿಸದೆ ಹೇಳಿದಳು.

"ನಮ್ಮಪ್ಪನ ಪಾಕ ಸೀದ ವರ್ಸ ಉಟ್ಟಿದ್ದು ಕಣ್ರೀ."